ನಕ್ಷೆಯಲ್ಲಿ ಖಾಲಿ ಕಂಡರೆ ಶಾಸನ ಇಲ್ಲ ಅಂತಲೇ? ಹುಡುಕಾಟದ ಪಕ್ಷಪಾತ ಮತ್ತು ವ್ಯಾಪ್ತಿಯ ಗಡಿ



ಕೆಲವು ವರ್ಷಗಳ ಹಿಂದೆ ನಾನು ವೀರಗಲ್ಲುಗಳ ಒಂದು ನಕ್ಷೆ ಮಾಡಿ ಹಂಚಿಕೊಂಡಿದ್ದೆ. ಪ್ರಕಟಿತ ಶಾಸನ ಸಂಪುಟಗಳಲ್ಲಿ ಸಿಕ್ಕ ಊರುಗಳು, ಜೊತೆಗೆ ನಾನೇ ರಜಾ ದಿನಗಳಲ್ಲಿ ಸುತ್ತಿ ನೋಡಿ ಬಂದ ಊರುಗಳು, ಎಲ್ಲಕ್ಕೂ ಒಂದೊಂದು ಕೆಂಪು ಚುಕ್ಕೆ. ಚುಕ್ಕೆಗಳು ಒಂದು ಹೊಳೆಯವರೆಗೆ ಒತ್ತೊತ್ತಾಗಿ ಬಂದು ಅಲ್ಲಿಂದಾಚೆ ಹೆಚ್ಚೂಕಡಿಮೆ ನಿಂತೇಹೋಗಿದ್ದವು. ಅದನ್ನು ನೋಡಿ ನನಗೆ ಬಹಳ ಖುಷಿಯಾಯ್ತು. 'ತುರುಗಾಳಗದ ವೀರಗಲ್ಲುಗಳ ಸಂಪ್ರದಾಯಕ್ಕೆ ಈ ಹೊಳೆಯೇ ಗಡಿ' ಎಂದು ನಕ್ಷೆಯ ಕೆಳಗೆ ಬರೆದೂಬಿಟ್ಟೆ. ಸುಮಾರು ಜನ ಮೆಚ್ಚಿಕೊಂಡರು, ಹಂಚಿಕೊಂಡರು.

ಒಂದು ವರ್ಷದ ನಂತರ ಹೊಳೆಯಾಚೆಯ ಒಂದು ಹಳ್ಳಿಯಿಂದ ಶಾಲಾ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಸಾರ್, ನಿಮ್ಮ ನಕ್ಷೇಲಿ ನಮ್ಮೂರ ಕಡೆ ಖಾಲಿ ಬಿಟ್ಟಿದೀರಿ. ನಮ್ಮೂರ ಕೆರೆ ಏರಿ ಮೇಲೆ ಮೂರು ಕಲ್ಲಿದ್ವು" ಅಂದರು. 'ಇದ್ವು' ಅನ್ನುವ ಮಾತು ನನಗೆ ಆಗ ಸರಿಯಾಗಿ ಕಿವಿಗೆ ಬೀಳಲಿಲ್ಲ. ಮುಂದಿನ ಭಾನುವಾರ ಹೋಗಿ ನೋಡಿದೆ. ಎರಡು ಕಲ್ಲು ನಿಂತಿದ್ದವು. ಮೂರನೆಯದು ಏರಿಯ ರಸ್ತೆ ಅಗಲ ಮಾಡುವಾಗ ಮೋರಿಗೆ ಚಪ್ಪಡಿಯಾಗಿ ಹೋಗಿತ್ತು. ಅದರ ಒಂದು ಅಂಚು ಹೊರಗೆ ಕಾಣುತ್ತಿತ್ತು, ಕೈಲಾಸದ ಪಟ್ಟಿಕೆಯಲ್ಲಿ ಚಾಮರ ಹಿಡಿದ ಹೆಣ್ಣಿನ ಕೈ ಮಾತ್ರ. ಕೆಲಸ ನಡೆಯುವಾಗ ಮೇಷ್ಟ್ರು ತಡೆಯಲು ಹೋಗಿದ್ದರಂತೆ. ಆಗ ಯಾರೋ ಒಬ್ಬರು ಮೊಬೈಲಿನಲ್ಲಿ ನನ್ನ ನಕ್ಷೆಯನ್ನೇ ತೆಗೆದು ತೋರಿಸಿ, "ನೋಡಿ, ತಿಳಿದವರೇ ನಮ್ಮ ಕಡೆ ಏನೂ ಇಲ್ಲ ಅಂತ ಹಾಕಿದಾರೆ" ಅಂದರಂತೆ.

ನಾನು ಆ ಊರಿಗೆ ಅದಕ್ಕೆ ಮುಂಚೆ ಹೋಗಿಯೇ ಇರಲಿಲ್ಲ.

ಈ ವಿಷಯವನ್ನು ಕಾಡುಪ್ರಾಣಿಗಳ ಮೇಲೆ ಸಂಶೋಧನೆ ಮಾಡುವ ಗೆಳೆಯನೊಬ್ಬನ ಹತ್ತಿರ ಹೇಳಿಕೊಂಡೆ. ಅವನು ನಕ್ಷೆಯನ್ನು ಒಂದು ನಿಮಿಷ ನೋಡಿ, "ಇದು ವೀರಗಲ್ಲಿನ ನಕ್ಷೆ ಅಲ್ಲ ಮಾರಾಯ, ನಿನ್ನ ಬೈಕಿನ ನಕ್ಷೆ" ಅಂದ. ಆಮೇಲೆ ಅವನ ಕ್ಷೇತ್ರದಲ್ಲಿ ಇದೇ ತೊಂದರೆಯನ್ನು ಹೇಗೆ ನಿಭಾಯಿಸುತ್ತಾರೆ ಎಂದು ಒಂದಿಡೀ ಸಂಜೆ ವಿವರಿಸಿದ. ಅಲ್ಲಿಂದ ಕಲಿತದ್ದನ್ನು, ನಮ್ಮ ಕಲ್ಲುಗಳಿಗೆ ಹೊಂದುವಷ್ಟು ಮಟ್ಟಿಗೆ, ಇಲ್ಲಿ ಬರೆಯುತ್ತಿದ್ದೇನೆ.

ಪ್ರಾಣಿ ಎಲ್ಲಿರಬಹುದು ಎಂಬ ಲೆಕ್ಕ

ಸಿಂಗಳೀಕವನ್ನೇ ತೆಗೆದುಕೊಳ್ಳಿ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿ. ಮಳೆಕಾಡಿನ ಮರದ ತುದಿಗಳಲ್ಲೇ ಅದರ ಬದುಕು. ಅದು ಎಲ್ಲೆಲ್ಲಿ ಇದೆ ಎಂದು ತಿಳಿಯಲು ಘಟ್ಟದ ಪ್ರತಿ ಮರವನ್ನೂ ನೋಡುವುದು ಆಗದ ಮಾತು. ಆದ್ದರಿಂದ ವಿಜ್ಞಾನಿಗಳು ಸಿಂಗಳೀಕ ಕಂಡ ಜಾಗಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಆ ಜಾಗಗಳಲ್ಲಿ ಮಳೆ ಎಷ್ಟು, ಬಿಸಿಲು ಎಷ್ಟು, ಎತ್ತರ ಎಷ್ಟು, ಕಾಡು ಎಂಥದ್ದು ಎಂದು ನೋಡುತ್ತಾರೆ. ಅದೇ ಪ್ರದೇಶದಲ್ಲಿ ಎಲ್ಲೆಂದರಲ್ಲಿ ಆರಿಸಿದ ಸಾವಿರಾರು ಬಿಂದುಗಳಲ್ಲೂ ಅದನ್ನೇ ಅಳೆಯುತ್ತಾರೆ. ಇವಕ್ಕೆ ಹಿನ್ನೆಲೆ ಬಿಂದುಗಳು ಎನ್ನೋಣ. ಎರಡನ್ನೂ ಹೋಲಿಸಿ, 'ಈ ಪ್ರಾಣಿಗೆ ಇಂಥ ಜಾಗ ಹೆಚ್ಚು ಒಗ್ಗುತ್ತದೆ' ಎಂದು ಇಡೀ ನಕ್ಷೆಗೆ ಬಣ್ಣ ತುಂಬುತ್ತಾರೆ. ಇದಕ್ಕೆ ಪ್ರಭೇದ ಹಂಚಿಕೆ ಮಾದರಿ ಎಂದು ಹೆಸರು. ಈ ಕೆಲಸಕ್ಕೆ ತುಂಬಾ ಬಳಕೆಯಲ್ಲಿರುವ ಮ್ಯಾಕ್ಸೆಂಟ್ ಎಂಬ ವಿಧಾನವನ್ನು ಸ್ಟೀವನ್ ಫಿಲಿಪ್ಸ್ ಮತ್ತು ಅವರ ಜೊತೆಗಾರರು 2006ರಲ್ಲಿ ವಿವರವಾಗಿ ಪ್ರಕಟಿಸಿದರು.

ಇಲ್ಲಿ ಗಮನಿಸಬೇಕಾದ್ದು ಒಂದೇ. ಈ ಲೆಕ್ಕಕ್ಕೆ ಸಿಗುವ ಮಾಹಿತಿಯಲ್ಲಿ 'ಕಂಡಿತು' ಇರುತ್ತದೆ, 'ಹುಡುಕಿದೆವು, ಕಾಣಲಿಲ್ಲ' ಇರುವುದಿಲ್ಲ. ನಮ್ಮ ಶಾಸನ ಸಂಪುಟಗಳೂ ಹಾಗೇ ಅಲ್ಲವೇ? ಯಾವ ಊರಿನಲ್ಲಿ ಏನು ಸಿಕ್ಕಿತು ಎಂದು ಸಂಪುಟ ಹೇಳುತ್ತದೆ. ಯಾವ ಊರಿಗೆ ಹೋಗಿ ಬರಿಗೈಲಿ ಬಂದರು, ಯಾವ ಊರಿಗೆ ಹೋಗಲೇ ಇಲ್ಲ, ಇದನ್ನು ಹೇಳುವುದಿಲ್ಲ. ನಕ್ಷೆಯ ಮೇಲೆ ಈ ಎರಡೂ ಬಗೆಯ ಊರುಗಳು ಒಂದೇ ಥರ ಖಾಲಿಯಾಗಿ ಕಾಣುತ್ತವೆ.

ಹುಡುಕಿದವರ ಹೆಜ್ಜೆ ಗುರುತು

ಪಕ್ಷಿ ವೀಕ್ಷಕರು ಹಕ್ಕಿಗಳನ್ನು ಹೆಚ್ಚಾಗಿ ದಾಖಲಿಸುವುದು ಊರಿನ ಹತ್ತಿರದ ಕೆರೆ, ಕಾರು ಹೋಗುವ ರಸ್ತೆ, ಹೆಸರಾದ ಅಭಯಾರಣ್ಯಗಳಲ್ಲಿ. ಅದನ್ನು ಹಾಗೇ ಲೆಕ್ಕಕ್ಕೆ ಕೊಟ್ಟರೆ ಕಂಪ್ಯೂಟರು 'ಈ ಹಕ್ಕಿಗೆ ಡಾಂಬರು ರಸ್ತೆ ಬಹಳ ಇಷ್ಟ' ಎಂದು ಕಲಿತುಕೊಳ್ಳುತ್ತದೆ. ಇದೇ ಸ್ಯಾಂಪ್ಲಿಂಗ್ ಬಯಾಸ್. ನಾನು ಹುಡುಕಾಟದ ಪಕ್ಷಪಾತ ಎಂದು ಕರೆಯುತ್ತೇನೆ. ಯಾರೂ ಬೇಕಂತ ಮಾಡುವ ಪಕ್ಷಪಾತವಲ್ಲ, ಕಾಲು ಹೋದ ಕಡೆ ಕಣ್ಣು ಹೋಗುತ್ತದೆ, ಅಷ್ಟೇ.

ಶಾಸನಗಳ ಮಟ್ಟಿಗೆ ಇದರ ದೊಡ್ಡ ಉದಾಹರಣೆ ನಮ್ಮ ಕಪಾಟಿನಲ್ಲೇ ಇದೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ 1905ರ ಹೊತ್ತಿಗೆ 12 ಸಂಪುಟಗಳಾದವು. ಸುಮಾರು 9,000 ಶಾಸನಗಳು. ಆದರೆ ರೈಸ್ ಅವರ ಕೆಲಸ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೇರಿದ್ದು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಧಾರವಾಡ-ಬಿಜಾಪುರ ಮುಂಬಯಿಗೆ, ರಾಯಚೂರು-ಕಲಬುರಗಿ ನಿಜಾಮರಿಗೆ ಸೇರಿದ್ದವು. ಆ ಕಡೆಗಳಲ್ಲಿ ಫ್ಲೀಟ್ ಅವರಂಥವರು ದೊಡ್ಡ ಕೆಲಸ ಮಾಡಿದರೂ, ತಾಲ್ಲೂಕುವಾರು ಊರೂರು ಜಾಲಾಡಿ ಸಂಪುಟ ಮಾಡುವ ಕೆಲಸ ಅದೇ ಕಾಲದಲ್ಲಿ ಅದೇ ಪ್ರಮಾಣದಲ್ಲಿ ಆಗಲಿಲ್ಲ. ರೈಸ್ ಸಂಪುಟಗಳನ್ನಷ್ಟೇ ಇಟ್ಟುಕೊಂಡು ಇವತ್ತಿನ ಕರ್ನಾಟಕದ ನಕ್ಷೆ ಮೇಲೆ ಚುಕ್ಕೆ ಹಾಕಿ ನೋಡಿ. ಹಳೆಯ ಮೈಸೂರು ಸಂಸ್ಥಾನದ ಗಡಿ ತಾನಾಗಿಯೇ ಮೂಡುತ್ತದೆ. ಅಷ್ಟಕ್ಕೇ 'ಶಾಸನ ಬರೆಸುವ ಪದ್ಧತಿ ಚಿತ್ರದುರ್ಗದ ಆಚೆ ಕಡಿಮೆಯಾಯಿತು' ಎಂದು ಯಾರಾದರೂ ಬರೆದರೆ ನಾವು ನಗುತ್ತೇವೆ. ನನ್ನ ಹೊಳೆಯ ಗಡಿಯೂ ಅದೇ ಜಾತಿಯದ್ದು. ಆ ಹೊಳೆಗೆ ಹತ್ತಿರದಲ್ಲಿ ಸೇತುವೆ ಇರಲಿಲ್ಲ, ಬೈಕಿನಲ್ಲಿ ದಾಟಲು ಬಹಳ ದೂರ ಬಳಸಿಕೊಂಡು ಹೋಗಬೇಕಿತ್ತು. ಹಾಗಾಗಿ ನಾನು ದಾಟಿರಲಿಲ್ಲ.

ಇನ್ನೊಂದು ಸೂಕ್ಷ್ಮವಾದ ಉದಾಹರಣೆ ಮಸ್ಕಿಯದು. ಅಶೋಕನ ಹೆಸರನ್ನೇ ಹೇಳುವ ಮಸ್ಕಿ ಶಾಸನವನ್ನು 1915ರಲ್ಲಿ ಕಂಡುಹಿಡಿದವರು ಬೀಡನ್ ಎಂಬ ಗಣಿ ಎಂಜಿನಿಯರ್. ಅವರು ಅಲ್ಲಿಗೆ ಹೋಗಿದ್ದು ಚಿನ್ನ ಹುಡುಕಲು. ಅಶೋಕನ ಶಾಸನಗಳಿಗೂ ದಕ್ಷಿಣದ ಚಿನ್ನದ ಗಣಿಗಳಿಗೂ ನಂಟಿದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಚಿನ್ನ ಹುಡುಕುವವನ ಕಣ್ಣಿಗೆ ಬೀಳುವ ಶಾಸನ ಚಿನ್ನದ ಸೀಮೆಯಲ್ಲೇ ಇರುತ್ತದೆ, ಬೇರೆ ಕಡೆ ಅವನು ಹೋಗಿಯೇ ಇರುವುದಿಲ್ಲ. ಆದ್ದರಿಂದ ಮಸ್ಕಿಯ ಚುಕ್ಕೆಯನ್ನಷ್ಟೇ ತೋರಿಸಿ ನಂಟು ಸಾಧಿಸಲು ಬರುವುದಿಲ್ಲ. ಹಾಗೆಂದು ನಂಟು ಸುಳ್ಳು ಅಂತಲೂ ಅಲ್ಲ. ಬ್ರಹ್ಮಗಿರಿ ಶಾಸನ ಸುವರ್ಣಗಿರಿ ಎಂಬ ಊರಿನಿಂದ ಹೊರಟ ಆಜ್ಞೆ ಎಂದು ಅದರ ಪಾಠವೇ ಹೇಳುತ್ತದೆ. ಅದನ್ನು ಬೆಳಕಿಗೆ ತಂದ ರೈಸ್ ಚಿನ್ನ ಹುಡುಕುತ್ತಿರಲಿಲ್ಲ. ಹೀಗೆ ಹುಡುಕಾಟದ ದಾರಿಗೆ ಸಂಬಂಧವಿಲ್ಲದ ಸಾಕ್ಷಿ ಬೇರೆ ಕಡೆಯಿಂದ ಸಿಕ್ಕಿದಾಗಲೇ ವಾದಕ್ಕೆ ತೂಕ ಬರುವುದು.

ಪಕ್ಷಪಾತವನ್ನು ತಗ್ಗಿಸುವ ದಾರಿಗಳು

ಮೊದಲನೆಯದು ಎಲ್ಲಕ್ಕಿಂತ ಸುಲಭ: ಚುಕ್ಕೆಯನ್ನಲ್ಲ, ಪ್ರಮಾಣವನ್ನು ನೋಡುವುದು. ಒಂದು ಕಾಲ್ಪನಿಕ ಲೆಕ್ಕ ಕೊಡುತ್ತೇನೆ. ರಸ್ತೆ ಬದಿಯಲ್ಲಿ 100 ಹಳ್ಳಿ, ಒಳಗೆ 100 ಹಳ್ಳಿ ಇವೆ ಎಂದುಕೊಳ್ಳಿ. ರಸ್ತೆ ಬದಿಯ 80 ಹಳ್ಳಿಗೆ ಹೋಗಿದ್ದೇವೆ, 20ರಲ್ಲಿ ವೀರಗಲ್ಲು ಸಿಕ್ಕಿದೆ. ಒಳಗಿನ ಹಳ್ಳಿಗಳಲ್ಲಿ ಹೋಗಿದ್ದು 8ಕ್ಕೆ ಮಾತ್ರ, ಸಿಕ್ಕಿದ್ದು 2ರಲ್ಲಿ. ನಕ್ಷೆ ಮೇಲೆ 20 ಚುಕ್ಕೆಗೆ ಎದುರಾಗಿ 2 ಚುಕ್ಕೆ, ಹತ್ತು ಪಟ್ಟು ವ್ಯತ್ಯಾಸ! ಆದರೆ ಹೋದ ಹಳ್ಳಿಗಳಿಗೆ ಹೋಲಿಸಿದರೆ ಎರಡು ಕಡೆಯೂ ನಾಲ್ಕರಲ್ಲಿ ಒಂದು. ವ್ಯತ್ಯಾಸವೇ ಇಲ್ಲ. ಎಂಟು ಹಳ್ಳಿಗಳ ಲೆಕ್ಕ ಬಹಳ ಚಿಕ್ಕದು, ಅದನ್ನು ಪೂರ್ತಿ ನಂಬಲಾಗದು, ನಿಜ. ಆದರೆ 'ಒಳಗಿನ ಹಳ್ಳಿಗಳಲ್ಲಿ ಕಡಿಮೆ' ಎನ್ನುವ ಮಾತಂತೂ ಬಿದ್ದುಹೋಯಿತು.

ಈ ಲೆಕ್ಕ ಮಾಡಲು ಬರಿಗೈಲಿ ಬಂದ ಊರುಗಳ ಪಟ್ಟಿ ಬೇಕು. ಅದು ನಮ್ಮಲ್ಲಿ ಬಹುತೇಕ ಯಾರ ಹತ್ತಿರವೂ ಇಲ್ಲ. ಆಗ ಉಪಯೋಗಕ್ಕೆ ಬರುವುದು ಎರಡನೆಯ ದಾರಿ. ಫಿಲಿಪ್ಸ್ ಮತ್ತು ಸಂಗಡಿಗರೇ 2009ರಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಹಿನ್ನೆಲೆ ಬಿಂದುಗಳನ್ನು ಎಲ್ಲೆಂದರಲ್ಲಿ ಆರಿಸಬೇಡಿ, ಅದೇ ಜನ ಅದೇ ರೀತಿಯಲ್ಲಿ ಹುಡುಕಿ ದಾಖಲಿಸಿದ ಇತರ ಪ್ರಭೇದಗಳ ಜಾಗಗಳಿಂದಲೇ ಆರಿಸಿ ಎಂಬುದು ಅದರ ತಿರುಳು. ಸಿಂಗಳೀಕ ಕಂಡ ಜಾಗವನ್ನು ಇಡೀ ಘಟ್ಟದೊಂದಿಗೆ ಹೋಲಿಸುವ ಬದಲು, ಅದೇ ಸಮೀಕ್ಷಕರಿಗೆ ಮುಸಿಯ, ಕೆಂಜಳಿಲು ಮುಂತಾದವು ಕಂಡ ಜಾಗಗಳೊಂದಿಗೆ ಹೋಲಿಸುವುದು. ಎರಡು ಕಡೆಯೂ ರಸ್ತೆಯ ಪಕ್ಷಪಾತ ಒಂದೇ ಆಗಿರುವುದರಿಂದ ಅದು ವಜಾ ಆಗಿಹೋಗುತ್ತದೆ.

ನಮ್ಮ ಕೆಲಸಕ್ಕೆ ಇದು ಹೇಳಿಮಾಡಿಸಿದ ಹಾಗಿದೆ. ತುರುಗಾಳಗದ ವೀರಗಲ್ಲುಗಳನ್ನು ಕರ್ನಾಟಕದ ಎಲ್ಲ ಹಳ್ಳಿಗಳೊಂದಿಗೆ ಹೋಲಿಸಬೇಡಿ. ಅವೇ ಸಂಪುಟಗಳಲ್ಲಿ ದಾಖಲಾದ ದಾನಶಾಸನ, ಮಾಸ್ತಿಗಲ್ಲು, ಕೆರೆಶಾಸನ ಇರುವ ಊರುಗಳೊಂದಿಗೆ ಹೋಲಿಸಿ. ದಾನಶಾಸನ ಸಿಕ್ಕ ಊರಿಗೆ ಯಾರೋ ಹೋಗಿದ್ದಾರೆ ಎನ್ನುವುದಂತೂ ಖಾತ್ರಿ. ಅಲ್ಲಿ ವೀರಗಲ್ಲು ಇಲ್ಲ ಎಂದರೆ ಆ 'ಇಲ್ಲ'ಕ್ಕೆ ಸ್ವಲ್ಪ ಬೆಲೆ ಇದೆ. ಎರಡು ಎಚ್ಚರ ಬೇಕು. ಯಾರೂ ಕಾಲಿಡದ ಸೀಮೆಯ ಬಗ್ಗೆ ಈ ವಿಧಾನ ಏನನ್ನೂ ಹೇಳಲಾರದು. ಇನ್ನೊಂದು, ಅಕ್ಷರವಿರುವ ಕಲ್ಲಷ್ಟೇ ಸಂಪುಟಕ್ಕೆ ಸೇರುವುದು ವಾಡಿಕೆ. ಅಕ್ಷರವಿಲ್ಲದ ವೀರಗಲ್ಲುಗಳು ಎಷ್ಟೋ ಇವೆ, ಅವು ಯಾವ ಪಟ್ಟಿಗೂ ಬಂದಿಲ್ಲ. ಅಕ್ಷರವಿಲ್ಲದ ಕಲ್ಲಿನ ಮಾತಾಡುವಾಗ ಶಾಸನ ಸಂಪುಟವನ್ನು ಹಿನ್ನೆಲೆಯಾಗಿ ಬಳಸುವಂತಿಲ್ಲ.

ಮೂರನೆಯದು, ಒತ್ತೊತ್ತಾದ ಚುಕ್ಕೆಗಳನ್ನು ತೆಳುವಾಗಿಸುವುದು. ಒಂದೇ ಊರಿನಲ್ಲಿ ಹನ್ನೆರಡು ಕಲ್ಲಿದ್ದರೆ ಲೆಕ್ಕಕ್ಕೆ ಒಂದನ್ನೇ ಇಟ್ಟುಕೊಳ್ಳುವುದು, ಅಥವಾ ಇಷ್ಟು ಕಿಲೋಮೀಟರಿಗೆ ಒಂದು ಎಂದು ಆರಿಸುವುದು. ಸೊರಬ, ಶಿಕಾರಿಪುರ ಸೀಮೆಯಂಥ ಸಮೃದ್ಧ ಜಾಗಗಳೇ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗದಂತೆ ಇದು ತಡೆಯುತ್ತದೆ. ಆದರೆ ಆ ಸೀಮೆಯ ದಟ್ಟಣೆ ನಿಜವಾದದ್ದೇ ಆಗಿದ್ದರೆ ಅದನ್ನೂ ನಾವೇ ಅಳಿಸಿದಂತಾಗುತ್ತದೆ. ಹಾಗಾಗಿ ಎರಡೂ ರೀತಿ ಮಾಡಿ ಹೋಲಿಸುವುದು ಒಳ್ಳೆಯದು.

ನಾಲ್ಕನೆಯದು, ಒಂದೇ ಊರಿಗೆ ಮತ್ತೆ ಮತ್ತೆ ಹೋಗುವುದು. ಹೋದ ತಕ್ಷಣ ಕಲ್ಲು ಸಿಗುತ್ತದೆಯೇ? ಲಾಂಟಾನ ಪೊದೆಯಲ್ಲಿ, ಹುಲ್ಲಿನ ಬಣವೆ ಹಿಂದೆ, ತೂಬಿನ ಪಕ್ಕ ಅರ್ಧ ಹೂತು ಇರುತ್ತದೆ. ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಸೀರೆ ಉಡಿಸಿದ ಕಲ್ಲು ಊರವರಿಗೆ ವೀರಗಲ್ಲಲ್ಲ, ದೇವರು. "ನಿಮ್ಮೂರಲ್ಲಿ ಶಾಸನ ಇದೆಯಾ?" ಎಂದು ಕೇಳಿದರೆ "ಇಲ್ಲ ಸ್ವಾಮಿ" ಅಂತಾರೆ. "ಕತ್ತಿ ಹಿಡಿದಿರೋ ಕಲ್ಲಿನ ದೇವರು ಏನಾದ್ರೂ ಇದೆಯಾ ಅಜ್ಜಿ?" ಎಂದರೆ ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಇದ್ದ ಕಲ್ಲು ಒಂದು ಭೇಟಿಯಲ್ಲಿ ಕಣ್ಣಿಗೆ ಬೀಳುವ ಸಾಧ್ಯತೆ ಅರ್ಧಕ್ಕರ್ಧ ಎಂದುಕೊಳ್ಳೋಣ. ಒಂದು ಸಲ ಹೋಗಿ ಸಿಗದಿದ್ದರೆ ಆ 'ಇಲ್ಲ'ವನ್ನು ನಂಬುವಂತಿಲ್ಲ. ಮೂರು ಸಲ ಬೇರೆ ಬೇರೆಯವರು, ಬೇರೆ ಬೇರೆ ಕಾಲದಲ್ಲಿ ಹೋಗಿಯೂ ಸಿಗದಿದ್ದರೆ, ಇದ್ದೂ ತಪ್ಪಿಹೋಗಿರುವ ಸಾಧ್ಯತೆ ಎಂಟರಲ್ಲೊಂದಕ್ಕೆ ಇಳಿಯುತ್ತದೆ. ಪ್ರಾಣಿವಿಜ್ಞಾನದಲ್ಲಿ ಒಂದೇ ಕಾಡಿಗೆ ಪದೇಪದೇ ಹೋಗಿ 'ಕಂಡಿತು, ಕಾಣಲಿಲ್ಲ' ಎಂದು ಬರೆದಿಡುವುದು ಈ ಕಾರಣಕ್ಕೇ.

ಗಡಿ ಎಂದರೆ ಯಾವ ಗಡಿ?

ಇನ್ನು ವ್ಯಾಪ್ತಿಯ ಗಡಿಯ ಪ್ರಶ್ನೆ. ಒಂದು ಪ್ರಾಣಿಯ ಅಥವಾ ಒಂದು ಬಗೆಯ ಕಲ್ಲಿನ ವ್ಯಾಪ್ತಿ ಒಂದು ಕಡೆ ಮುಗಿಯಲು ಕಾರಣಗಳು ಹಲವು. ಆಚೆಯ ಪರಿಸರ ಒಗ್ಗದಿರಬಹುದು. ಒಗ್ಗಿದರೂ ಅಲ್ಲಿಗೆ ತಲುಪಲು ಆಗದಿರಬಹುದು. ಒಂದು ಕಾಲದಲ್ಲಿ ಇದ್ದು ಅಳಿದಿರಬಹುದು. ಇದ್ದೂ ನಾವು ನೋಡದಿರಬಹುದು. ಇವುಗಳನ್ನು ಬಿಡಿಸಿ ನೋಡದೆ ಗೆರೆ ಎಳೆಯಬಾರದು.

ಸಿಂಗಳೀಕ ಇದಕ್ಕೂ ಒಳ್ಳೆಯ ಉದಾಹರಣೆ. ಶ್ರೀಲಂಕಾದ ನೈರುತ್ಯ ಭಾಗದಲ್ಲೂ ಮಳೆಕಾಡಿದೆ. ಮಳೆ ಮತ್ತು ಬಿಸಿಲಿನ ಲೆಕ್ಕವನ್ನಷ್ಟೇ ಕೊಟ್ಟರೆ ಅಲ್ಲೂ ಸಿಂಗಳೀಕಕ್ಕೆ ಒಗ್ಗುವ ಜಾಗವಿದೆ ಎಂದು ಮಾದರಿ ಬಣ್ಣ ಹಚ್ಚಬಹುದು. ಆದರೆ ಅಲ್ಲಿ ಅದಿಲ್ಲ. ಅದಕ್ಕೇ ಲೆಕ್ಕಕ್ಕೆ ಮುಂಚೆ 'ಈ ಪ್ರಾಣಿ ತಲುಪಲು ಸಾಧ್ಯವಿದ್ದ ಪ್ರದೇಶ ಯಾವುದು' ಎಂದು ತೀರ್ಮಾನಿಸಿ, ಹಿನ್ನೆಲೆ ಬಿಂದುಗಳನ್ನು ಅಷ್ಟರೊಳಗೇ ಆರಿಸಬೇಕು. ಉತ್ತರದ ಕಡೆ ನೋಡಿದರೆ ಬೇರೆಯದೇ ಪಾಠ. ಶಿರಸಿ-ಹೊನ್ನಾವರದ ಕಾಡುಗಳಲ್ಲಿ ಸಿಂಗಳೀಕ ದೊಡ್ಡ ಸಂಖ್ಯೆಯಲ್ಲಿದೆ ಎಂಬುದು ಖಚಿತವಾದದ್ದು 2000ರ ದಶಕದ ಸಮೀಕ್ಷೆಗಳಿಂದ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಮೀಸಲು ಘೋಷಣೆಯಾಯಿತು. ಸಮೀಕ್ಷೆಗೆ ಹೋದದ್ದರಿಂದ ರಕ್ಷಣೆಗೆ ಆಧಾರ ಸಿಕ್ಕಿತು ಎಂಬುದನ್ನು ನಾವು ಗಮನಿಸಬೇಕು.

ಶಾಸನಲೋಕದಲ್ಲಿ ಗಡಿಯ ಪ್ರಶ್ನೆಗೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಮತ್ತೆ ಅಶೋಕನದೇ. 1892ರಲ್ಲಿ ರೈಸ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನು ಬೆಳಕಿಗೆ ತಂದರು. ಆಮೇಲೆ 1915ರಲ್ಲಿ ಮಸ್ಕಿ, 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, 1970ರ ದಶಕದ ಕೊನೆಯಲ್ಲಿ ಬಳ್ಳಾರಿ ಕಡೆಯ ನಿಟ್ಟೂರು ಮತ್ತು ಉಡೆಗೋಳ. 1980ರ ದಶಕದಲ್ಲಿ ಸನ್ನತಿಯ ಕಾಳಿ ಗುಡಿಯ ಚಾವಣಿ ಕುಸಿದ ಮೇಲೆ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಎಂದು ಗೊತ್ತಾಯಿತು. ಎಂಥ ಆಕಸ್ಮಿಕಗಳು ನೋಡಿ: ಒಂದು ಚಿನ್ನ ಹುಡುಕುವವನಿಂದ, ಇನ್ನೊಂದು ಬಿದ್ದುಹೋದ ಗುಡಿಯಿಂದ. ರೈಸ್ ನಂತರದ ಈ ಹೊಸ ಚುಕ್ಕೆಗಳೆಲ್ಲ ಬಿದ್ದದ್ದು ಬ್ರಹ್ಮಗಿರಿಯ ಉತ್ತರಕ್ಕೆ, ಹಳೆಯ ಮೈಸೂರು ಸಂಸ್ಥಾನದ ಹೊರಗೆ. 1900ರಲ್ಲಿ ನಿಂತು ನಕ್ಷೆ ನೋಡಿದವನಿಗೆ ರಾಯಚೂರು, ಕೊಪ್ಪಳ ಖಾಲಿ ಕಾಣುತ್ತಿದ್ದವು. ಆ ಖಾಲಿ ಸುಳ್ಳಾಗಿತ್ತು, ಏಕೆಂದರೆ ಅಲ್ಲಿ ಹುಡುಕಾಟವೇ ಸರಿಯಾಗಿ ಆಗಿರಲಿಲ್ಲ.

ಈಗ ದಕ್ಷಿಣಕ್ಕೆ ತಿರುಗಿ. ಬ್ರಹ್ಮಗಿರಿಯಿಂದ ಕೆಳಗೆ ತುಮಕೂರು, ಹಾಸನ, ಮೈಸೂರು, ಕೋಲಾರ. ಇವು ರೈಸ್, ಆಮೇಲೆ ಆರ್. ನರಸಿಂಹಾಚಾರ್, ಎಂ. ಎಚ್. ಕೃಷ್ಣ ಮುಂತಾದವರು ಊರೂರು ಸುತ್ತಿದ ಸೀಮೆ. ಅಲ್ಲಿ ಸಾವಿರಾರು ಶಾಸನ ಸಿಕ್ಕವು, 1936ರಲ್ಲಿ ಹಲ್ಮಿಡಿ ಶಾಸನವೇ ಸಿಕ್ಕಿತು, ಆದರೆ ಅಶೋಕನದು ಒಂದೂ ಸಿಗಲಿಲ್ಲ. ಇಲ್ಲಿ ಖಾಲಿ ಜಾಗಕ್ಕೆ ತೂಕವಿದೆ. ಜೊತೆಗೆ ಬೇರೆ ಸಾಕ್ಷಿಯೂ ಇದೆ. ಅಶೋಕನ ಎರಡನೆಯ ಬಂಡೆ ಶಾಸನ ಚೋಳರು, ಪಾಂಡ್ಯರು, ಸತಿಯಪುತ್ರರು, ಕೇರಳಪುತ್ರರನ್ನು ತನ್ನ ನಾಡಿನ ಆಚೆಯವರು ಎಂದು ಹೆಸರಿಸುತ್ತದೆ. ಈ ಸತಿಯಪುತ್ರ ಯಾರು ಎಂಬ ಚರ್ಚೆಗೆ 1981ರಲ್ಲಿ ತಮಿಳುನಾಡಿನ ತಿರುಕ್ಕೋವಿಲೂರು ಸೀಮೆಯ ಜಂಬೈನಲ್ಲಿ ಸಿಕ್ಕ ತಮಿಳು ಬ್ರಾಹ್ಮಿ ಶಾಸನ ಉತ್ತರ ಕೊಟ್ಟಿತು. ಅದರಲ್ಲಿ ಅತಿಯಮಾನ್ ವಂಶದ ನೆಡುಮಾನ್ ಅಂಜಿ ತನ್ನನ್ನು 'ಸತಿಯಪುತೋ' ಎಂದು ಕರೆದುಕೊಂಡಿದ್ದಾನೆ. ಈ ವಂಶದ ತಗಡೂರು ಇಂದಿನ ಧರ್ಮಪುರಿ. ಚುಕ್ಕೆಗಳ ಗಡಿ, ಹುಡುಕಾಟದ ತೀವ್ರತೆ, ಶಾಸನದ ಒಳಗಿನ ಮಾತು, ನೆರೆಯವರ ಸಾಕ್ಷಿ, ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತವೆ. ಆದ್ದರಿಂದ ಅಶೋಕನ ಶಾಸನಗಳ ದಕ್ಷಿಣದ ಗಡಿ ಚಿತ್ರದುರ್ಗದ ಆಸುಪಾಸು ಎಂದರೆ ಅದು ಒಪ್ಪತಕ್ಕ ಮಾತು. ನಾಳೆ ಇನ್ನೂ ದಕ್ಷಿಣದಲ್ಲಿ ಒಂದು ಸಿಕ್ಕಿದರೆ ಬದಲಿಸಿಕೊಳ್ಳೋಣ. ಆದರೆ ಇವತ್ತು ಹಾಗೆ ಹೇಳಲು ಆಧಾರವಿದೆ. ನನ್ನ ಹೊಳೆಯ ಗಡಿಗೆ ಈ ನಾಲ್ಕರಲ್ಲಿ ಮೊದಲನೆಯದೊಂದೇ ಇತ್ತು.

ಗಡಿಯ ವಿಷಯದಲ್ಲಿ ಇನ್ನೂ ಎರಡು ತಪ್ಪುಗಳನ್ನು ನಾವು ಪದೇಪದೇ ಮಾಡುತ್ತೇವೆ. ಒಂದು, ರಾಜ್ಯದ ಗಡಿಗೆ ಮಾಹಿತಿಯನ್ನು ಕತ್ತರಿಸುವುದು. ವೀರಗಲ್ಲುಗಳು ಕೋಲಾರಕ್ಕೆ ಮುಗಿಯುವುದಿಲ್ಲ. ಆಚೆ ಕೃಷ್ಣಗಿರಿ, ಧರ್ಮಪುರಿ, ಚೆಂಗಂ ಸೀಮೆಯಲ್ಲಿ 'ನಡುಕಲ್' ಎಂಬ ಹೆಸರಿನಲ್ಲಿ ಅವು ಯಥೇಚ್ಛವಾಗಿವೆ. ಆಂಧ್ರದ ಚಿತ್ತೂರು, ಅನಂತಪುರ ಕಡೆಯೂ ಇವೆ, ಮಹಾರಾಷ್ಟ್ರ, ಗೋವಾದಲ್ಲೂ ಇವೆ. ಕರ್ನಾಟಕದ ಚುಕ್ಕೆಗಳನ್ನಷ್ಟೇ ಇಟ್ಟು 'ಇಷ್ಟು ಮಳೆ ಬೀಳುವ ಕಡೆ ವೀರಗಲ್ಲು ಹೆಚ್ಚು' ಎಂದು ಲೆಕ್ಕ ಹಾಕಿದರೆ ಅರ್ಧ ಆನೆಯನ್ನು ಮುಟ್ಟಿ ಆನೆ ಹೀಗಿದೆ ಎಂದಂತೆ. ಎರಡನೆಯದು ಇದಕ್ಕೆ ಉಲ್ಟಾ: ಹಿನ್ನೆಲೆಯನ್ನು ಅತಿಯಾಗಿ ದೊಡ್ಡದು ಮಾಡುವುದು. ಇಡೀ ಭಾರತವನ್ನೇ ಹಿನ್ನೆಲೆಯಾಗಿ ಕೊಟ್ಟು ಹೊಯ್ಸಳ ಕಾಲದ ವೀರಗಲ್ಲುಗಳ ಮಾದರಿ ಮಾಡಿದರೆ, 'ಕಾಶ್ಮೀರದಲ್ಲಿ ಇಲ್ಲ' ಎಂದು ಅದು ಸರಿಯಾಗಿಯೇ ಹೇಳುತ್ತದೆ, ಪರೀಕ್ಷೆಯಲ್ಲಿ ಅಂಕವೂ ಚೆನ್ನಾಗಿ ಬರುತ್ತದೆ. ಆದರೆ ಅದು ಯಾರಿಗೆ ಗೊತ್ತಿಲ್ಲದ ವಿಷಯ? ನಮಗೆ ಬೇಕಾದ್ದು ಬೇಲೂರಿಗೂ ಅರಸೀಕೆರೆಗೂ ಇರುವ ವ್ಯತ್ಯಾಸ.

ಪರೀಕ್ಷೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಾದರಿ ಸರಿಯಿದೆಯೇ ಎಂದು ನೋಡಲು ಕೆಲವು ಚುಕ್ಕೆಗಳನ್ನು ಬಚ್ಚಿಟ್ಟು ಅವನ್ನು ಊಹಿಸಲು ಬಿಡುತ್ತಾರೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಬಚ್ಚಿಟ್ಟರೆ ಪಕ್ಕದ ಊರಿನ ಚುಕ್ಕೆಯೇ ಉತ್ತರ ಹೇಳಿಕೊಟ್ಟಂತಾಗುತ್ತದೆ. ಬದಲಿಗೆ ಇಡೀ ತಾಲ್ಲೂಕನ್ನೇ ಬಚ್ಚಿಟ್ಟು ಕೇಳಬೇಕು. ಅಲ್ಲಿ ಸೋತರೆ, ಯಾರೂ ನೋಡದ ಸೀಮೆಯ ಬಗ್ಗೆ ಆ ಮಾದರಿ ಹೇಳುವುದನ್ನು ನಂಬಬೇಕಾಗಿಲ್ಲ.

ಕಲ್ಲು ಪ್ರಾಣಿಯಲ್ಲ

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಪ್ರಾಣಿ ಕಂಡ ಜಾಗವೇ ಅದು ಆ ಹೊತ್ತಿಗೆ ಇದ್ದ ಜಾಗ. ಕಲ್ಲು ಹಾಗಲ್ಲ, ಅದನ್ನು ಜನ ಸಾಗಿಸುತ್ತಾರೆ. ಕಾಳಿ ಎಂಬ ನಾಯಿಯ ಕಥೆ ಹೇಳುವ, ಹತ್ತನೆಯ ಶತಮಾನದ ಆತಕೂರಿನ ಕಲ್ಲು ಮದ್ದೂರು ಸೀಮೆಯದು. ಈಗ ಇರುವುದು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ. ಕಲ್ಲಿರುವ ಜಾಗದಲ್ಲಿ ನಿಂತು ಜಿಪಿಎಸ್ ಒತ್ತಿದರೆ ಆ ಚುಕ್ಕೆ ಕಸ್ತೂರಬಾ ರಸ್ತೆಯಲ್ಲಿ ಬೀಳುತ್ತದೆ! ಆದ್ದರಿಂದ 'ಈಗ ಇರುವ ಜಾಗ', 'ಮೊದಲು ಇದ್ದ ಜಾಗ' ಎಂದು ಎರಡು ಕಲಂ ಇರಲೇಬೇಕು. ಕಲ್ಲು ಉಳಿಯುವುದರಲ್ಲೂ ಪಕ್ಷಪಾತವಿದೆ. ಗಟ್ಟಿ ಕಲ್ಲು ಉಳಿಯುತ್ತದೆ, ಗುಡಿಯ ಆವರಣದಲ್ಲಿದ್ದದ್ದು ಉಳಿಯುತ್ತದೆ, ಬೇಚರಾಕ್ ಊರಿನದು ಪೊದೆಯಲ್ಲಿ ಮರೆಯಾಗುತ್ತದೆ. ಊರು ಬೆಳೆದ ಕಡೆ ಕಲ್ಲು ಅಡಿಪಾಯಕ್ಕೆ ಹೋಗುತ್ತದೆ. ಆದರೂ ಸುಮಾರು ಕ್ರಿ.ಶ. 750ರ ಕಿಟ್ಟಯ್ಯನ ವೀರಗಲ್ಲು 2018ರಲ್ಲಿ ಬೆಂಗಳೂರಿನ ಹೆಬ್ಬಾಳದಂಥ ಗಿಜಿಗುಡುವ ಜಾಗದಲ್ಲೇ ಬೆಳಕಿಗೆ ಬಂತು. ರೈಸ್ ಅವರ ಬೆಂಗಳೂರು ಸಂಪುಟ ಬಂದು ನೂರಕ್ಕೂ ಹೆಚ್ಚು ವರ್ಷವಾದ ಮೇಲೆ! 'ಇಲ್ಲಿ ಎಲ್ಲ ನೋಡಿ ಮುಗಿದಿದೆ' ಎಂಬ ಮಾತನ್ನು ಎಲ್ಲಿಯೂ ಹೇಳುವಂತಿಲ್ಲ.

ನಾನು ಈಗ ಮಾಡುತ್ತಿರುವುದು

ಹಳೆಯ ನಕ್ಷೆಯನ್ನು ತೆಗೆದುಹಾಕಿದ್ದೇನೆ. ಹೊಸದರಲ್ಲಿ ಮೂರು ಬಣ್ಣ. ವೀರಗಲ್ಲು ಸಿಕ್ಕ ಊರಿಗೆ ಕೆಂಪು. ಹೋಗಿ ಹುಡುಕಿ ಸಿಗದ ಊರಿಗೆ ನೀಲಿ, ಎಷ್ಟು ಸಲ ಹೋದದ್ದು ಎಂಬ ಅಂಕೆ ಪಕ್ಕದಲ್ಲಿ. ಯಾರೂ ಹೋಗದ ಊರಿಗೆ ಬೂದು. ಮೊದಲ ಸಲ ಬಣ್ಣ ತುಂಬಿದಾಗ ನಕ್ಷೆಯ ತುಂಬ ಬೂದು ಬಣ್ಣವೇ ಕಂಡು ನನಗೆ ನಾಚಿಕೆಯಾಯಿತು. ಹೊಳೆಯಾಚೆಗೂ ಈಗ ಕೆಂಪು ಚುಕ್ಕೆಗಳು ಬಿದ್ದಿವೆ, ನಾನು ಬರೆದಿದ್ದ ಗಡಿ ಉಳಿದಿಲ್ಲ.

ನೀವೂ ಊರೂರು ಸುತ್ತುವವರಾದರೆ ಒಂದು ವಿನಂತಿ. ಬರಿಗೈಲಿ ಬಂದ ಊರುಗಳನ್ನೂ ಬರೆದಿಡಿ. ಊರ ಹೆಸರು, ದಿನಾಂಕ, ಯಾರನ್ನು ಕೇಳಿದಿರಿ, ಕೆರೆ ಏರಿ, ಊರ ಬಾಗಿಲು, ಹಾಳು ಗುಡಿ, ತೋಟ ಇವುಗಳಲ್ಲಿ ಯಾವುದನ್ನು ನೋಡಿದಿರಿ, ಯಾವುದನ್ನು ಬಿಟ್ಟಿರಿ, ಇಷ್ಟು ಸಾಕು. ಐದು ನಿಮಿಷದ ಕೆಲಸ. ಬೂದು ಬಣ್ಣದ ಊರಿನವರಾಗಿದ್ದರೆ ದಯವಿಟ್ಟು ತಿಳಿಸಿ, ನಾನೇ ಬರುತ್ತೇನೆ, ಅಥವಾ ಹತ್ತಿರದ ಗೆಳೆಯರನ್ನು ಕಳಿಸುತ್ತೇನೆ.

ಆ ಮೇಷ್ಟ್ರ ಊರಿನ ಎರಡು ಕಲ್ಲುಗಳನ್ನು ಊರವರೇ ಸೇರಿ ಶಾಲೆಯ ಆವರಣಕ್ಕೆ ತಂದು ನಿಲ್ಲಿಸಿದ್ದಾರೆ. ಮೊದಲಿದ್ದ ಜಾಗವನ್ನು ಗುರುತು ಮಾಡಿಕೊಂಡೇ ಸಾಗಿಸಿದರು. ಮೂರನೆಯದು ಇನ್ನೂ ಮೋರಿಯಲ್ಲೇ ಇದೆ. ಅದನ್ನು ತೆಗೆಸಲು ಅರ್ಜಿ ಕೊಟ್ಟಿದ್ದೇವೆ. ಆ ಕಲ್ಲಿನಲ್ಲಿ ಅಕ್ಷರವಿದೆಯೋ ಇಲ್ಲವೋ, ಅದು ಯಾರ ಕಾಲದ್ದೋ, ಹೊರಗೆ ಬಂದ ಮೇಲೆ ಓದಿ ಇಲ್ಲೇ ಬರೆಯುತ್ತೇನೆ.